ಸಣ್ಣ ನಾಯಿಗೆ ಮನೆ ಹುಡುಕುವ ದಾರಿಗಳು: ಬೆಂಗಳೂರಿನ ದತ್ತು ಸೇವೆಗಳ ವಿಮರ್ಶೆ

ಬೆಂಗಳೂರಿನಲ್ಲಿ ಶಿಟ್ಜು ನಾಯಿಯೊಂದರ ಫೋಟೋ ಹಾಕಿ ‘ದತ್ತು ಕೊಡಲಿದೆ’ ಎಂದು ಬರೆದರೆ ಸಂಜೆಯೊಳಗೆ ಫೋನ್ ಕೆಳಗಿಡಲು ಬಿಡುವಿರುವುದಿಲ್ಲ. ಅಷ್ಟೇ ಗಾತ್ರದ ಇಂಡಿ, ಅಂದರೆ ನಮ್ಮ ನಾಡಿನ ಬೀದಿ ತಳಿಯ, ನಾಯಿಯ ಫೋಟೋ ಹಾಕಿದರೆ ವಾರ ಕಳೆದರೂ ಎರಡು ಕರೆ ಬಂದರೆ ದೊಡ್ಡದು. ಆದರೂ ಎರಡಕ್ಕೂ ಒಳ್ಳೆಯ ಮನೆ ಸಿಗುವುದು ಒಂದೇ ಸಮನೆ ಕಷ್ಟ. ಮೊದಲನೆಯದಕ್ಕೆ ಕೇಳುವವರ ಗುಂಪಿನಿಂದ ಸಾಕುವವರನ್ನು ಸೋಸಿ ತೆಗೆಯಬೇಕು. ಎರಡನೆಯದಕ್ಕೆ ಕೇಳುವವರು ಬರುವ ತನಕ ಕಾಯಬೇಕು. ಶೆಲ್ಟರ್, ಫಾಸ್ಟರ್ ಗುಂಪು (ಮನೆ ಸಿಗುವ ತನಕ ನಾಯಿಯನ್ನು ತಮ್ಮ ಮನೆಯಲ್ಲಿಟ್ಟುಕೊಳ್ಳುವವರು), ಭಾನುವಾರದ ದತ್ತು ಶಿಬಿರ, ಇನ್‌ಸ್ಟಾಗ್ರಾಂ ಪೋಸ್ಟು, ಜಾಹೀರಾತು ತಾಣ, ಬಡಾವಣೆಯ ವೆಟ್ ಕ್ಲಿನಿಕ್ಕು – ನಗರದಲ್ಲಿರುವ ದಾರಿಗಳು ಇವು. ದಾರಿಯಲ್ಲಿ ಸಿಕ್ಕ ಸಣ್ಣ ನಾಯಿಯನ್ನು ಮನೆಯಲ್ಲಿಟ್ಟುಕೊಂಡು ಮುಂದೇನು ಎಂದು ಯೋಚಿಸುತ್ತಿರುವವರ ಕಡೆಯಿಂದ ಇವನ್ನು ಇಲ್ಲಿ ತೂಗಿ ನೋಡಿದ್ದೇವೆ.

ತೂಗುವ ಬಟ್ಟು ಎರಡೇ. ‘ಈ ತಿಂಗಳು ಇಷ್ಟು ನಾಯಿಗೆ ಮನೆ ಕೊಡಿಸಿದೆವು’ ಎಂಬ ಲೆಕ್ಕವನ್ನು ಬದಿಗಿಡಿ. ಎಂಥವರಿಗೆ ನೀವು ನಾಯಿ ಕೊಡುವುದಿಲ್ಲ ಎಂದು ಕೇಳಿ. ಕೊಟ್ಟ ನಾಯಿ ಆ ಮನೆಗೆ ಹೊಂದದಿದ್ದರೆ ಆರು ತಿಂಗಳ ಮೇಲೂ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿ. ಈ ಎರಡಕ್ಕೆ ತಡವರಿಸದೆ ಉತ್ತರ ಕೊಡುವ ಸೇವೆ ಚಿಕ್ಕದಿದ್ದರೂ ನಂಬಿಕೆಗೆ ಅರ್ಹ.

ಯಾರಿಗೂ ಕರೆ ಮಾಡುವ ಮೊದಲು

ಸಿಕ್ಕ ನಾಯಿ ಬಿಟ್ಟುಹೋದದ್ದೋ ಕಳೆದುಹೋದದ್ದೋ ಮೊದಲು ತಿಳಿಯಬೇಕು. ಪಟಾಕಿ ಸದ್ದಿಗೆ ಹೆದರಿ ಓಡಿದ ಪಾಮೇರಿಯನ್‌ ಅನ್ನು ‘ಅನಾಥ’ ಎಂದು ಇನ್ನೊಬ್ಬರ ಮನೆಗೆ ಕಳಿಸಿಬಿಟ್ಟರೆ ಆಮೇಲೆ ಎರಡು ಕುಟುಂಬಗಳಿಗೂ ನೋವು. ವೆಟ್ ಬಳಿ ಹೆಗಲೆಲುಬುಗಳ ನಡುವೆ ಚರ್ಮದಡಿ ಗುರುತಿನ ಮೈಕ್ರೋಚಿಪ್ ಇದೆಯೇ ಎಂದು ಸ್ಕ್ಯಾನ್ ಮಾಡಿಸಿ. ಇದ್ದರೆ 15 ಅಂಕಿಗಳ ಸಂಖ್ಯೆ ಸಿಗುತ್ತದೆ. ಚಿಪ್ ತಯಾರಿಸಿದ ಕಂಪನಿ ಅಥವಾ ಜಾತಿ ನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ದಾಖಲೆಯ ಮೂಲಕ ಮಾಲೀಕರನ್ನು ಹುಡುಕಬಹುದು. ಸಿಕ್ಕ ಜಾಗದ ಸುತ್ತಲಿನ ಅಂಗಡಿ, ಅಪಾರ್ಟ್‌ಮೆಂಟ್ ಕಾವಲುಗಾರರು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ನಾಯಿ ಸಿಕ್ಕಿದೆ’ ಎಂದು ಹಾಕಿ. ಆದರೆ ಒಂದು ಗುರುತನ್ನು, ಹೊಟ್ಟೆಯ ಕೆಳಗಿನ ಮಚ್ಚೆಯನ್ನೋ ಕೊರಳಪಟ್ಟಿಯ ಬಣ್ಣವನ್ನೋ, ಹೇಳದೆ ಉಳಿಸಿಕೊಳ್ಳಿ. ನಮ್ಮದೇ ಎಂದು ಬಂದವರು ಅದನ್ನು ಹೇಳಬೇಕು, ಹಳೆಯ ಫೋಟೋ ಅಥವಾ ಲಸಿಕೆ ಪುಸ್ತಕ ತೋರಿಸಬೇಕು.

ಜೊತೆಗೆ 14 ದಿನ ನಾಯಿಯನ್ನು ಬೇರೆ ನಾಯಿಗಳಿಂದ ದೂರವಿಡಿ. ಈ ಹದಿನಾಲ್ಕು ದಿನ ಸುಮ್ಮನೆ ಹೇಳಿದ್ದಲ್ಲ. ಪಾರ್ವೊ, ಡಿಸ್ಟೆಂಪರ್ ಎರಡೂ ನಾಯಿಯಿಂದ ನಾಯಿಗೆ ಹರಡುವ ವೈರಾಣು ರೋಗಗಳು. ಪಾರ್ವೊ ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ ಮೂರರಿಂದ ಏಳು ದಿನಕ್ಕೆ ಹೊರಬೀಳುತ್ತದೆ, ಡಿಸ್ಟೆಂಪರ್ ಇನ್ನೂ ತಡ. ಈ ದಿನಗಳು ಕಳೆಯುವ ಮುನ್ನವೇ ಮರಿಯನ್ನು ಕೊಟ್ಟರೆ ಹೊಸ ಮನೆಯಲ್ಲಿ ನಾಲ್ಕನೇ ದಿನ ರಕ್ತಭೇದಿ ಶುರುವಾಗಿ ಮರಿಯೂ ಹೋಗುತ್ತದೆ, ಆ ಮನೆಯಲ್ಲಿ ಮೊದಲೇ ಇದ್ದ ನಾಯಿಗೂ ಅಪಾಯ. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸಾಬೂನು, ಫಿನಾಯಿಲ್ ಅದಕ್ಕೆ ಸಾಲದು. ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ, ನೆಲವನ್ನು ಮೊದಲು ತೊಳೆದು, ಆ ನೀರು ಹತ್ತು ನಿಮಿಷ ನಿಲ್ಲುವಂತೆ ಹಾಕಬೇಕು. ಮರಿ ಸತ್ತ ಮನೆಗೆ ಮತ್ತೊಂದು ಮರಿಯನ್ನು ಕೂಡಲೇ ಕೊಡುವ ಸೇವೆಗಳಿವೆ. ಅವುಗಳ ಹತ್ತಿರ ಹೋಗಬೇಡಿ.

ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ ಉಣ್ಣೆ ಜ್ವರ (ಟಿಕ್ ಫೀವರ್) ನಮ್ಮ ಕಡೆ ಎಲ್ಲೆಲ್ಲೂ ಇದೆ. ಮೈಮೇಲೆ ಒಂದೂ ಉಣ್ಣೆ ಕಾಣದಿದ್ದರೂ ಪ್ಲೇಟ್‌ಲೆಟ್ ಎಣಿಕೆಯೊಂದಿಗೆ ರಕ್ತ ಪರೀಕ್ಷೆ ಮಾಡಿಸಿ. ಬಿಳಿಚಿದ ವಸಡು, ಊಟ ಬಿಡುವುದು, ಮೂಗಿನಿಂದ ರಕ್ತ – ಈ ಲಕ್ಷಣಗಳು ಬರುವಷ್ಟರಲ್ಲಿ ತಡವಾಗಿರುತ್ತದೆ. ಈ ಜ್ವರ ತರುವ ರೋಗಾಣುಗಳಲ್ಲಿ ಒಂದಾದ ಎರ್ಲಿಕಿಯಾ ಎಂದು ಗೊತ್ತಾದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಹತ್ತನೇ ದಿನಕ್ಕೆ ನಾಯಿ ಚುರುಕಾಗುತ್ತದೆ, ಹೊಸ ಮನೆಯವರು ಮಾತ್ರೆ ನಿಲ್ಲಿಸುತ್ತಾರೆ, ರೋಗ ಮರುಕಳಿಸುತ್ತದೆ. ಹಾಗಾಗಿ ಮಾತ್ರೆ ಮುಗಿದ ಮೇಲೆಯೇ ನಾಯಿ ಕೊಡುವುದು ಲೇಸು. ಖಾಸಗಿ ಕ್ಲಿನಿಕ್ಕಿನ ಖರ್ಚು ಭಾರವಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಕಾಯಬೇಕಾಗುತ್ತದೆ, ಆದರೆ ಹಲವು ವಿಭಾಗಗಳು ಒಂದೇ ಆವರಣದಲ್ಲಿವೆ.

ನಾಯಿ ಹಿಡಿಯುವಾಗ ಕಚ್ಚಿದರೆ, ಪರಚಿದರೆ 15 ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ‘ಮನೆ ನಾಯಿಯಂತೆ ಕಾಣುತ್ತದೆ’ ಎಂಬುದು ರೇಬೀಸ್ ವಿಷಯದಲ್ಲಿ ಯಾವ ಭರವಸೆಯೂ ಅಲ್ಲ.

ಶೆಲ್ಟರ್‌ಗಳು

ನಗರದ ಹಳೆಯ ಪ್ರಾಣಿ ಕಲ್ಯಾಣ ಸಂಸ್ಥೆಗಳಲ್ಲಿ ಒಂದಾದ ಕ್ಯೂಪಾವನ್ನು 1991ರಲ್ಲಿ ಕಟ್ಟಿದವರು ಕ್ರಿಸ್ಟಲ್ ರೋಜರ್ಸ್. ಅದಕ್ಕೂ ಮೊದಲು ಜೈಪುರದಲ್ಲಿ ಹೆಲ್ಪ್ ಇನ್ ಸಫರಿಂಗ್ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಮೂರು ಕಾಲಿನ ನಾಯಿಯೊಂದರ ಹೆಸರು ಹೊತ್ತ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಸಹ ಹಲವರಿಗೆ ಗೊತ್ತಿರುವ ಹೆಸರು. ಇಂಥ ಸಂಸ್ಥೆಗಳ ಬಲ ಅನುಭವ. ಅಪಘಾತದ ನಾಯಿ, ಕುರುಡು ನಾಯಿ, ಗೆಡ್ಡೆ ಬೆಳೆದ ನಾಯಿ ಇದ್ದರೆ ಮೊದಲು ಶೆಲ್ಟರ್ ಅನ್ನೇ ಕೇಳಿ, ಏಕೆಂದರೆ ಮನೆಯಲ್ಲಿ ಅದನ್ನು ನಿಭಾಯಿಸುವುದು ಕಷ್ಟ.

ಆದರೆ ಆರೋಗ್ಯವಾಗಿರುವ, 5 ಕೆ.ಜಿ. ತೂಗುವ ನಾಯಿಗೆ ಯಾವುದೇ ಶೆಲ್ಟರ್ ಕೊನೆಯ ದಾರಿಯಾಗಿರಲಿ. ಸೇವೆ ಕೆಟ್ಟದ್ದೆಂದು ಇದನ್ನು ಹೇಳುತ್ತಿಲ್ಲ. ಜಾಗದ ಸ್ವಭಾವವೇ ಹಾಗೆ. ಹತ್ತಾರು ನಾಯಿಗಳ ಬೊಗಳು, ಹೊಸ ವಾಸನೆ, ಹೊಸ ಸೋಂಕು. ಸೋಫಾ ಮೇಲೆ ಮಲಗಿ ಬೆಳೆದ ಪಗ್ಗು ಅಲ್ಲಿ ಮೂಲೆ ಹಿಡಿದು ಊಟ ಬಿಡುತ್ತದೆ, ನೋಡಲು ಬಂದವರಿಗೆ ಅದು ‘ಮಂಕು ನಾಯಿ’ಯಾಗಿ ಕಾಣುತ್ತದೆ, ಮನೆ ಸಿಗುವುದು ಇನ್ನೂ ತಡವಾಗುತ್ತದೆ. ಜಾಗವಿಲ್ಲ ಎಂದು ಶೆಲ್ಟರ್ ಹೇಳಿದರೆ ಬೇಸರಪಡಬೇಡಿ. ಇರುವ ಜಾಗವನ್ನು ಗಾಯಗೊಂಡ ನಾಯಿಗೆ ಕಾದಿರಿಸುವ ಸಂಸ್ಥೆ ಸರಿಯಾದದ್ದನ್ನೇ ಮಾಡುತ್ತಿದೆ. ಅವರಿಂದ ಬೇರೆ ರೀತಿಯ ಸಹಾಯ ಕೇಳಿ: ನಾಯಿ ನಮ್ಮ ಬಳಿಯೇ ಇರಲಿ, ನಿಮ್ಮ ಪುಟದಲ್ಲಿ ಅದರ ವಿವರ ಹಾಕುತ್ತೀರಾ, ನಿಮ್ಮ ಕರಾರು ಪತ್ರದ ನಮೂನೆ ಕೊಡುತ್ತೀರಾ ಎಂದು. ಜಾಗ ಇಲ್ಲ ಎಂದವರೂ ಇದಕ್ಕೆ ಒಪ್ಪುವ ಸಾಧ್ಯತೆ ಹೆಚ್ಚು.

ದತ್ತು ಶಿಬಿರ

ಭಾನುವಾರ ಬೆಳಗ್ಗೆ ಪಾರ್ಕ್ ಪಕ್ಕದಲ್ಲೋ ಮಾಲ್ ಮುಂದೆಯೋ ಪೆಂಡಾಲು ಹಾಕಿ, ಬುಟ್ಟಿಯಲ್ಲಿ ಮರಿಗಳನ್ನಿಟ್ಟು ನಡೆಸುವ ಶಿಬಿರಗಳು ಇಂಡಿ ಮರಿಗಳಿಗೆ ನಿಜಕ್ಕೂ ಉಪಕಾರ ಮಾಡಿವೆ. ಫೋಟೋದಲ್ಲಿ ‘ಕಂತ್ರಿ ನಾಯಿ’ ಎಂದು ದಾಟಿಹೋಗುವವರು ಮರಿಯನ್ನು ಕೈಯಲ್ಲಿ ಎತ್ತಿಕೊಂಡಾಗ ಮನಸ್ಸು ಬದಲಾಯಿಸುತ್ತಾರೆ. ಅಪಾಯವೂ ಅಲ್ಲೇ ಇದೆ. ಮಗು ಹಟ ಹಿಡಿಯುತ್ತದೆ, ಅಪ್ಪ ಒಪ್ಪುತ್ತಾರೆ, ಮನೆಯಲ್ಲಿರುವ ಅಜ್ಜಿಗೆ ವಿಷಯವೇ ಗೊತ್ತಿಲ್ಲ. ಸೋಮವಾರ ಕರೆ ಬರುತ್ತದೆ.

ಒಳ್ಳೆಯ ಶಿಬಿರವನ್ನು ಗುರುತಿಸುವುದು ಸುಲಭ. ಅಲ್ಲಿ ಅಂದೇ ನಾಯಿ ಕೊಡುವುದಿಲ್ಲ. ಹೆಸರು ಬರೆದುಕೊಂಡು, ಮನೆ ನೋಡಿ, ಆ ವಾರದಲ್ಲಿ ಮನೆಗೆ ತಂದುಕೊಡುತ್ತಾರೆ. ಎಂಟು ವಾರಕ್ಕಿಂತ ಚಿಕ್ಕ ಮರಿಗಳನ್ನು ತರುವುದಿಲ್ಲ. ಅಷ್ಟು ಬೇಗ ತಾಯಿ ಮತ್ತು ಒಡಹುಟ್ಟಿದವುಗಳಿಂದ ಬಿಡಿಸಿದ ಮರಿ ಎಷ್ಟು ಬಿಗಿಯಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನೇ ಕಲಿತಿರುವುದಿಲ್ಲ. ಲಸಿಕೆಯ ಮೊದಲ ಡೋಸೂ ಆಗದ ಮರಿಗಳನ್ನು ಒಂದೇ ಬುಟ್ಟಿಯಲ್ಲಿಟ್ಟು ಎಲ್ಲರ ಕೈಗೂ ಕೊಡುವ ಶಿಬಿರಕ್ಕೆ ನಿಮ್ಮ ಮರಿಯನ್ನು ಒಯ್ಯಬೇಡಿ, ಒಂದರ ಪಾರ್ವೊ ಎಲ್ಲಕ್ಕೂ ಅಂಟುತ್ತದೆ. ಬೆಳೆದ ನಾಯಿಗೆ, ಅದರಲ್ಲೂ ಅಂಜುವ ನಾಯಿಗೆ, ಶಿಬಿರ ಸರಿಹೊಂದುವುದಿಲ್ಲ.

ಶಿಬಿರಗಳಲ್ಲಿ ಕಿವಿಗೆ ಬೀಳುವ ಒಂದು ಮಾತು ನಿಲ್ಲಲೇಬೇಕು: ‘ಇದು ಸಣ್ಣದಾಗಿಯೇ ಉಳಿಯುತ್ತದೆ.’ ಎರಡು ತಿಂಗಳಿಗೆ 3 ಕೆ.ಜಿ. ತೂಗುವ ಇಂಡಿ ಮರಿ ವರ್ಷ ತುಂಬುವಷ್ಟರಲ್ಲಿ 15 ಕೆ.ಜಿ. ದಾಟಬಹುದು. ಸಣ್ಣ ನಾಯಿ ಬೇಕೆಂದು ಒಯ್ದವರು ಏಳನೇ ತಿಂಗಳಿಗೆ ವಾಪಸ್ ತರುತ್ತಾರೆ, ಆಗ ಅದಕ್ಕೆ ಮರಿಯ ಮುದ್ದೂ ಇಲ್ಲ, ತರಬೇತಿಯೂ ಇಲ್ಲ. ನಿಜವಾಗಿ ಸಣ್ಣ ಇಂಡಿ ಬೇಕಾದವರಿಗೆ ಒಂದೂವರೆ ವರ್ಷ ದಾಟಿದ, 8–10 ಕೆ.ಜಿ.ಯ ನಾಯಿಯನ್ನು ತೋರಿಸಿ. ಬೆಳವಣಿಗೆ ಮುಗಿದಿದೆ, ಸ್ವಭಾವ ಗೊತ್ತಾಗಿದೆ, ಪೀಠೋಪಕರಣ ಕಚ್ಚುವ ವಯಸ್ಸೂ ಕಳೆದಿದೆ. ಇಂಥ ನಾಯಿಗಳು ಎಲ್ಲ ಸೇವೆಗಳ ಪಟ್ಟಿಯಲ್ಲೂ ಕೆಳಗೆ ಬಿದ್ದಿರುತ್ತವೆ. ನಮ್ಮ ಕಣ್ಣಿಗೆ ಅವೇ ಉತ್ತಮ ಆಯ್ಕೆ.

ಇನ್ನೊಂದು ಮಾತು. ಮರಿಯಾಗದಂತೆ ಮಾಡುವ ಆಪರೇಷನ್ ಆಗಿ, ಅದರ ಗುರುತಾಗಿ ಕಿವಿಯ ಅಂಚು ಕತ್ತರಿಸಿರುವ, ತನ್ನ ಬೀದಿಯಲ್ಲಿ ಊಟ ಹಾಕುವವರಿರುವ ನಾಯಿಗೆ ಮನೆ ಹುಡುಕುವ ಅಗತ್ಯ ಎಲ್ಲ ಸಲವೂ ಇರುವುದಿಲ್ಲ. 2023ರ ಎಣಿಕೆಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಬೀದಿನಾಯಿಗಳು ಸುಮಾರು 2.79 ಲಕ್ಷ. ಅಷ್ಟಕ್ಕೂ ಮನೆ ಇಲ್ಲ. ಮನೆ ಬೇಕಾದದ್ದು ತಾಯಿ ಕಳೆದುಕೊಂಡ ಮರಿಗೆ, ಅಂಗವಿಕಲ ನಾಯಿಗೆ, ಮನೆಯಿಂದ ಬೀದಿಗೆ ಬಿದ್ದ ನಾಯಿಗೆ. ದತ್ತು ಪಡೆದ ಬೀದಿನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ದತ್ತು ಪಡೆದವರ ಹೊಣೆ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ಇದನ್ನು ಕೇಳಿಬರುವವರಿಗೆ ಮೊದಲೇ ತಿಳಿಸಿ.

ಜಾಹೀರಾತು ತಾಣಗಳು

ಇಲ್ಲಿ ಹೆಚ್ಚು ಹೇಳುವುದಿಲ್ಲ: ಬಳಸಬೇಡಿ. ಹಳೆ ಸೋಫಾ, ಬೈಕು ಮಾರುವ ಜಾಗದಲ್ಲಿ ‘ಉಚಿತ ಶಿಟ್ಜು’ ಎಂದು ಹಾಕಿದರೆ ಮೊದಲು ಕರೆ ಮಾಡುವವರು ಮರಿ ಹಾಕಿಸಿ ಮಾರುವವರು. ದತ್ತು ಹುಡುಕುವವರಿಗೂ ಅಲ್ಲಿ ಬಲೆ ಇದೆ. ‘ನಾಯಿ ಉಚಿತ, ಸಾಗಣೆಗೆ ಮಾತ್ರ ಮುಂಗಡ ಕಳಿಸಿ’ ಎಂಬ ಸಂದೇಶ ಬಂದರೆ ಅದು ಮೋಸ; ಆ ಫೋಟೋದ ನಾಯಿ ಅವರ ಬಳಿ ಇರುವುದೇ ಇಲ್ಲ. ನಾಯಿಯನ್ನು ಕಣ್ಣಾರೆ ನೋಡುವ ಮೊದಲು ಒಂದು ರೂಪಾಯಿಯನ್ನೂ ಕಳಿಸಬಾರದು.

ಫಾಸ್ಟರ್ ಮನೆ ಮತ್ತು ಪೋಸ್ಟು

ನಮ್ಮ ತೀರ್ಮಾನದಲ್ಲಿ ಸಣ್ಣ ನಾಯಿಗೆ ಹೇಳಿ ಮಾಡಿಸಿದ ದಾರಿ ಇದು. ನಾಯಿ ಯಾರದಾದರೂ ಮನೆಯಲ್ಲಿ ಮೂರು ನಾಲ್ಕು ವಾರ ಇರುತ್ತದೆ, ಅದರ ನಿಜ ಸ್ವಭಾವ ಹೊರಬರುತ್ತದೆ, ಆ ವಿವರದೊಂದಿಗೆ ಪೋಸ್ಟು ಹೋಗುತ್ತದೆ. ಮೊದಲ ಮೂರು ದಿನ ಯಾವ ನಾಯಿಯೂ ತಾನು ತಾನಾಗಿರುವುದಿಲ್ಲ. ‘ತುಂಬಾ ಸಾಧು’ ಎಂದು ಎರಡನೇ ದಿನ ಬರೆದ ನಾಯಿ ಮೂರನೇ ವಾರ ಊಟದ ತಟ್ಟೆ ಹತ್ತಿರ ಯಾರು ಬಂದರೂ ಗುರ್ ಎನ್ನಬಹುದು. ಅದಕ್ಕೇ ಅವಸರದ ಪೋಸ್ಟು ಬೇಡ.

ಈ ಸೇವೆಯ ದೌರ್ಬಲ್ಯವನ್ನೂ ಹೇಳಬೇಕು. ಫಾಸ್ಟರ್ ಗುಂಪುಗಳು ನಡೆಯುವುದು ಕೆಲಸದ ನಡುವೆ ಬಿಡುವು ಮಾಡಿಕೊಳ್ಳುವ ಕೆಲವೇ ಜನರ ಮೇಲೆ. ಉತ್ತರ ತಡ, ದಾಖಲೆ ಒಬ್ಬರ ಫೋನಿನಲ್ಲಿ, ಅವರು ಊರಿಗೆ ಹೋದರೆ ಎಲ್ಲ ನಿಂತಿತು. ಗುಂಪಿಗೆ ಸೇರಿಸುವ ಮುನ್ನ ಆಸ್ಪತ್ರೆ ಖರ್ಚು ಯಾರದು, ಫಾಸ್ಟರ್‌ಗೆ ಆಗದಿದ್ದರೆ ನಾಯಿ ಎಲ್ಲಿಗೆ, ಕೊನೆಯ ತೀರ್ಮಾನ ಯಾರದು ಎಂಬ ಮೂರನ್ನು ಬರವಣಿಗೆಯಲ್ಲಿ ಪಡೆಯಿರಿ. ಹಣ ಕೊಟ್ಟು ಬೋರ್ಡಿಂಗ್‌ನಲ್ಲಿಡುವುದು ಫಾಸ್ಟರ್‌ಗೆ ಸಮವಲ್ಲ. ಅಲ್ಲಿ ನಾಯಿ ಬದುಕುತ್ತದೆ, ಮನೆಯ ನಡವಳಿಕೆ ಕಲಿಯುವುದಿಲ್ಲ.

ಪೋಸ್ಟಿನಲ್ಲಿ ಫೋಟೋ ನಾಯಿಯ ಕಣ್ಣಿನ ಮಟ್ಟಕ್ಕೆ ಕುಳಿತು ಹಗಲು ಬೆಳಕಿನಲ್ಲಿ ತೆಗೆದದ್ದಿರಲಿ. ಗಾತ್ರ ತಿಳಿಯಲು ಪ್ಲಾಸ್ಟಿಕ್ ಕುರ್ಚಿಯ ಪಕ್ಕ ನಿಂತ ಒಂದು ಫೋಟೋ, ನಡೆಯುವ ಒಂದು ವಿಡಿಯೋ ಸಾಕು. ‘ಈ ರಾತ್ರಿಯೊಳಗೆ ಮನೆ ಸಿಗದಿದ್ದರೆ ಬೀದಿಪಾಲು’ ಎಂಬಂಥ ಬರಹ ಕರುಣೆಯ ಕರೆ ತರುತ್ತದೆ. ಕರುಣೆಯಿಂದ ಮಾತ್ರ ಒಯ್ದ ನಾಯಿ ಬೇಗ ಹಿಂದಿರುಗುತ್ತದೆ. ನಮೂನೆಗೆ ಹೀಗೆ ಬರೆಯಬಹುದು:

‘ಹೆಸರು ಕಡ್ಲೆ. ಇಂಡಿ, ಹೆಣ್ಣು, ಸುಮಾರು ನಾಲ್ಕು ವರ್ಷ, 8 ಕೆ.ಜಿ. ಆಪರೇಷನ್ ಆಗಿದೆ, ಲಸಿಕೆ ಪೂರ್ತಿ, ಉಣ್ಣೆ ಜ್ವರದ ಚಿಕಿತ್ಸೆ ಮುಗಿದಿದೆ. ಬೇರೆ ನಾಯಿಗಳೊಂದಿಗೆ ಹೊಂದಿಕೊಳ್ಳುತ್ತಾಳೆ, ಬೆಕ್ಕನ್ನು ಅಟ್ಟುತ್ತಾಳೆ. ಕಾರಿನಲ್ಲಿ ವಾಂತಿ ಮಾಡಿಕೊಳ್ಳುತ್ತಾಳೆ. ಗಟ್ಟಿ ದನಿಗೆ ಹೆದರುತ್ತಾಳೆ, ಹತ್ತಿರ ಬರಲು ಎರಡು ವಾರ ಬೇಕು. ಒಬ್ಬಳೇ ನಾಲ್ಕು ಗಂಟೆ ಇರಬಲ್ಲಳು. ಬೆಂಗಳೂರು, ಮೈಸೂರಿನ ಮನೆಗಳಿಗೆ ಮಾತ್ರ. ಮನೆ ನೋಡಿ, ಕರಾರು ಬರೆದು ಕೊಡುತ್ತೇವೆ.’

ಕಾರಿನ ವಾಂತಿ, ಬೆಕ್ಕಿನ ಬೆನ್ನಟ್ಟುವಿಕೆ ಬರೆದರೆ ಕರೆ ಕಡಿಮೆ ಬರುತ್ತವೆ ಎಂದು ಹೆದರುವವರಿದ್ದಾರೆ. ಕಡಿಮೆ ಬರಲಿ. ಅದನ್ನು ಓದಿಯೂ ಕರೆ ಮಾಡುವವರೇ ನಮಗೆ ಬೇಕಾದವರು. ಫಾಸ್ಟರ್ ಮನೆಯ ವಿಳಾಸವನ್ನು ಮಾತ್ರ ಹಾಕಬೇಡಿ.

ಜಾತಿ ನಾಯಿಯಾದರೆ ಆಪರೇಷನ್ ಆಗದೆ ಪೋಸ್ಟು ಹಾಕಬಾರದು. ಇದರಲ್ಲಿ ರಾಜಿ ಬೇಡ. ‘ಆಪರೇಷನ್ ಆಗಿದೆ’ ಎಂಬ ಎರಡು ಪದ ಕಂಡೊಡನೆ ಮರಿ ಮಾರುವವರ ಕರೆಗಳು ತಾವಾಗಿಯೇ ಉದುರಿಹೋಗುತ್ತವೆ. ಬೀದಿಗೆ ಬಿದ್ದ ಹೆಣ್ಣು ಶಿಟ್ಜು, ಪಗ್, ಪಾಮೇರಿಯನ್‌ಗಳ ಮೊಲೆ ಜೋತು ಬಿದ್ದಿದ್ದರೆ ಹಲವು ಸಲ ಮರಿ ಹಾಕಿಸಿ ಬಿಟ್ಟಿರುವ ಸಂಶಯ ಬರಲೇಬೇಕು. ಅಂಥದಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಗರ್ಭಕೋಶದಲ್ಲಿ ಕೀವು ತುಂಬುವ ಪಿಯೊಮೆಟ್ರಾ ಜೀವ ತೆಗೆಯುತ್ತದೆ. ಬೆದೆ ಕಳೆದ ಕೆಲ ವಾರಗಳಲ್ಲಿ ವಿಪರೀತ ನೀರು ಕುಡಿಯುವುದು, ಮಂಕಾಗುವುದು, ದುರ್ವಾಸನೆಯ ಸ್ರಾವ ಅದರ ಸುಳಿವು. ಸ್ರಾವ ಹೊರಗೆ ಕಾಣದೆಯೂ ಇರಬಹುದು, ಅದು ಇನ್ನೂ ಅಪಾಯ.

ಪ್ರತಿ ತಳಿಯ ಖರ್ಚನ್ನೂ ಮೊದಲೇ ಹೇಳಿಬಿಡಿ. ಶಿಟ್ಜುಗೆ ಕೂದಲು ಗಂಟಾಗದಂತೆ ದಿನವೂ ಬಾಚಬೇಕು, ಉಬ್ಬಿದ ಕಣ್ಣಿಗೆ ಹುಣ್ಣಾಗುವ ಭಯ. ಪಗ್ಗಿಗೆ ಬಿಸಿಲಾಗದು, ಏಪ್ರಿಲ್ ಮಧ್ಯಾಹ್ನದ ಒಂದು ನಡಿಗೆ ಸಾಕು ಉಸಿರು ಕಟ್ಟಲು. ನಾವು ಪಾಮೇರಿಯನ್ ಎನ್ನುವ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಆ ಬಗೆಯ ಸಣ್ಣ ನಾಯಿಗಳಲ್ಲಿ ಮಂಡಿಚಿಪ್ಪು ಜಾರುವುದು, ಶ್ವಾಸನಾಳ ಕುಗ್ಗಿ ಬಾತುಕೋಳಿಯಂತೆ ಕೆಮ್ಮುವುದು ಉಂಟು, ಆದ್ದರಿಂದ ಕೊರಳಪಟ್ಟಿಗೆ ಹಗ್ಗ ಕಟ್ಟದೆ ಎದೆಗೆ ಹಾಕುವ ಹಾರ್ನೆಸ್ ಬಳಸಬೇಕು. ಡ್ಯಾಶ್‌ಹಂಡ್ ಮೆಟ್ಟಿಲು, ಸೋಫಾ ಹಾರಿದರೆ ಬೆನ್ನಿನ ಡಿಸ್ಕ್ ಜಾರಬಹುದು. ಎಲ್ಲ ಸಣ್ಣ ನಾಯಿಗಳಿಗೂ ಹಲ್ಲು ಬೇಗ ಕೆಡುತ್ತವೆ, ಬಾಯಿ ವಾಸನೆ ಬಂತೆಂದರೆ ಅರಿವಳಿಕೆ ಕೊಟ್ಟು ಶುಚಿ ಮಾಡಿಸಬೇಕಾಗಬಹುದು.

ವೆಟ್ ಕ್ಲಿನಿಕ್ಕು

ಹೆಚ್ಚು ಜನ ಮರೆಯುವ, ಒಳ್ಳೆಯ ಫಲ ಕೊಡುವ ದಾರಿ. ಬಡಾವಣೆಯ ವೆಟ್‌ಗೆ ಯಾರ ಮನೆಯ ಮುದಿ ನಾಯಿ ಹೋದ ತಿಂಗಳು ತೀರಿಕೊಂಡಿತು, ಯಾರು ಕೊನೆಯ ದಿನದವರೆಗೂ ಚಿಕಿತ್ಸೆ ಕೊಡಿಸಿದರು, ಯಾರು ಲಸಿಕೆಯ ದಿನ ತಪ್ಪಿಸುತ್ತಾರೆ ಎಲ್ಲ ಗೊತ್ತಿರುತ್ತದೆ. ಅವರ ಬಳಿ ಒಂದು ಮಾತು ಹೇಳಿ, ಪೋಸ್ಟಿನ ಒಂದು ಪ್ರತಿ ಅಂಟಿಸಿ ಬನ್ನಿ. ಕರೆ ಒಂದೋ ಎರಡೋ ಬರುತ್ತದೆ, ಆದರೆ ಪಕ್ಕಾ ಮನೆಯದ್ದು ಬರುತ್ತದೆ. ಎಂಟು ಹತ್ತು ವರ್ಷದ ಮುದಿ ನಾಯಿಗೆ ಇದಕ್ಕಿಂತ ಒಳ್ಳೆಯ ದಾರಿ ನಮಗೆ ಗೊತ್ತಿಲ್ಲ.

ಫೋನಿನಲ್ಲಿ ಕೇಳುವುದು, ಮನೆಯಲ್ಲಿ ನೋಡುವುದು

ಯಾವ ಸೇವೆಯ ಮೂಲಕ ಹೋದರೂ ಈ ಕೆಲಸ ತಪ್ಪಬಾರದು. ಸೇವೆಯವರು ಮಾಡದಿದ್ದರೆ ನೀವೇ ಮಾಡಿ.

ಹೌದು-ಅಲ್ಲ ಉತ್ತರದ ಪ್ರಶ್ನೆ ಬೇಡ. ‘ಚೆನ್ನಾಗಿ ನೋಡಿಕೊಳ್ಳುತ್ತೀರಾ’ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಮೊದಲು ಸಾಕಿದ ನಾಯಿ ಏನಾಯಿತು, ಯಾವ ವಯಸ್ಸಿನಲ್ಲಿ, ಏನು ಕಾಯಿಲೆ, ಯಾವ ಡಾಕ್ಟರು – ಇದನ್ನು ಕೇಳಿ. ‘ಊರಿಗೆ ಬಿಟ್ಟುಬಂದೆವು’, ‘ಓಡಿಹೋಯಿತು’, ‘ಯಾರಿಗೋ ಕೊಟ್ಟೆವು’ ಎಂಬ ಉತ್ತರಗಳನ್ನು ಇನ್ನಷ್ಟು ಕೆದಕಬೇಕು. ದೀಪಾವಳಿ ರಾತ್ರಿ ನಾಯಿ ಎಲ್ಲಿರುತ್ತದೆ? ಮದುವೆಗೆಂದು ನಾಲ್ಕು ದಿನ ಹೊರಟರೆ ಯಾರ ಬಳಿ? ‘ತೋಟದ ಮನೆಗೆ ಕಾವಲಿಗೆ’ ಎಂದರೆ 6 ಕೆ.ಜಿ. ನಾಯಿಗೆ ಅದು ಮನೆಯಲ್ಲ. ಚಿರತೆ ಓಡಾಡುವ ಸೀಮೆಯಲ್ಲಿ ಕಟ್ಟಿಹಾಕಿದ ಸಣ್ಣ ನಾಯಿ ಉಳಿಯುವುದಿಲ್ಲ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿರಲಿ. ಸ್ವಂತ ಫ್ಲಾಟಾದರೆ, ಸಾಕುನಾಯಿ ನಿಷೇಧಿಸಲು ನಿವಾಸಿ ಸಂಘಕ್ಕೆ ಅಧಿಕಾರವಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಬಾಡಿಗೆದಾರರ ಕಷ್ಟ ಬೇರೆ, ಕರಾರು ಮುಗಿದ ಹನ್ನೊಂದನೇ ತಿಂಗಳಿಗೆ ಮನೆ ಬಿಡಿ ಎಂದರೆ ಮೊದಲು ಹೊರಬೀಳುವುದು ನಾಯಿ.

ಮಡಿ, ಅಡುಗೆಮನೆ, ದೇವರಕೋಣೆಯ ವಿಷಯವನ್ನು ಮುಜುಗರಪಡದೆ ಕೇಳಿ, ಅದೂ ಮನೆಯ ಹಿರಿಯರನ್ನೇ. ‘ಅಜ್ಜಿ, ನಾಯಿ ಒಳಗೆ ಓಡಾಡಿದರೆ ನಿಮಗೆ ತೊಂದರೆಯಿಲ್ಲವಾ?’ ಎಂದು ಕೇಳಿದಾಗ ಅವರ ಮುಖ ನೋಡಿದರೆ ಸಾಕು. ಅಡುಗೆಮನೆ ಬಾಗಿಲಿಗೆ ಗೇಟು ಹಾಕಿ ನೆಮ್ಮದಿಯಾಗಿ ಸಾಕುವ ಮಡಿವಂತರ ಮನೆಗಳೂ ಇವೆ. ಹಿರಿಯರಿಗೆ ತಿಳಿಸದೆ ತಂದ ನಾಯಿಗೆ ಮಾತ್ರ ದಿನವೂ ಬೈಗುಳ. ಸಸ್ಯಾಹಾರಿ ಮನೆಯನ್ನು ಕಣ್ಣುಮುಚ್ಚಿ ತಳ್ಳಿಹಾಕಬೇಡಿ, ಆದರೆ ಬರೀ ಮೊಸರನ್ನ ನಾಯಿಗೆ ಊಟವಲ್ಲ ಎಂದು ತಿಳಿಸಿ. ಮೊಟ್ಟೆಗೋ ಸಮತೋಲನದ ಸಿದ್ಧ ಆಹಾರಕ್ಕೋ ಒಪ್ಪಿದರೆ ಮುಂದುವರಿಯಿರಿ. ಈರುಳ್ಳಿ ಬೆಂದ ಹುಳಿ, ಸಾಂಬಾರು ಕಲಸಿದ ಅನ್ನ ಕೊಡಬಾರದು. ಪಾಯಸದ, ಕೇಸರಿಬಾತಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ; ನಾಯಿ ಸಣ್ಣದಾದಷ್ಟೂ ಕಡಿಮೆ ಪ್ರಮಾಣವೇ ಅಪಾಯ.

ಮನೆಗೆ ಹೋದಾಗ ಬಾಲ್ಕನಿಯ ಸರಳುಗಳ ನಡುವಿನ ಸಂದು, ಗೇಟಿನ ಅಡಿಯ ಸಂದು ಅಳೆಯಿರಿ. ಒಂದು ಗೇಣಿಗಿಂತ ಚಿಕ್ಕ ಸಂದಿನಲ್ಲೂ ಸಣ್ಣ ನಾಯಿಯ ತಲೆ ತೂರುತ್ತದೆ, ತಲೆ ತೂರಿದರೆ ಮೈಯೂ ತೂರುತ್ತದೆ. ಕೋಳಿಗೂಡಿನ ಜಾಲರಿ ತಂದು ಕಟ್ಟಿದ ಮೇಲೆಯೇ ನಾಯಿ ಬರಲಿ. ತಾರಸಿಗೆ ತಡೆಗೋಡೆ ಇದೆಯೇ ನೋಡಿ. ಗೋಡೆಗೆ ಬಡಿದ ಹೊಸ ಮೊಳೆ, ಅದಕ್ಕೆ ಕಟ್ಟಿದ ಸರಪಳಿ ಕಂಡರೆ ನಯವಾಗಿ ವಿದಾಯ ಹೇಳಿ ಬನ್ನಿ.

ಎರಡು ಮೂರು ವರ್ಷದಲ್ಲಿ ವಿದೇಶಕ್ಕೆ ಹೋಗುವ ಅಂದಾಜಿದೆಯೇ ಎಂಬುದು ಬೆಂಗಳೂರಿನಲ್ಲಿ ಕೇಳಲೇಬೇಕಾದ ಪ್ರಶ್ನೆ. ಇದೆ ಎಂದರೆ ಮೊದಲು ಮೈಕ್ರೋಚಿಪ್, ಅದಾದ ಮೇಲೆ ರೇಬೀಸ್ ಲಸಿಕೆ ಎಂಬ ಕ್ರಮ ಪಾಲಿಸಿ. ಚಿಪ್‌ಗಿಂತ ಮೊದಲು ಹಾಕಿಸಿದ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಯುರೋಪಿಗೆ ಲಸಿಕೆಯಾದ 30 ದಿನಗಳ ಬಳಿಕ ರಕ್ತದ ಪ್ರತಿಕಾಯ ಪರೀಕ್ಷೆ, ಅಲ್ಲಿಂದ ಮೂರು ತಿಂಗಳ ಕಾಯುವಿಕೆ ಬೇಕು. 2024ರ ಆಗಸ್ಟಿನಿಂದ ಅಮೆರಿಕವೂ ಭಾರತದಿಂದ ಬರುವ ನಾಯಿಗೆ ಚಿಪ್ ಮತ್ತು ಕನಿಷ್ಠ ಆರು ತಿಂಗಳ ವಯಸ್ಸು ಕೇಳುತ್ತದೆ. ಆಸ್ಟ್ರೇಲಿಯಾಕ್ಕೆ ಇಲ್ಲಿಂದ ನೇರವಾಗಿ ಒಯ್ಯಲಾಗುವುದಿಲ್ಲ. ಕೊನೆಯ ತಿಂಗಳಲ್ಲಿ ಇದನ್ನೆಲ್ಲ ತಿಳಿದವರು ನಾಯಿಯನ್ನು ಬಿಟ್ಟು ವಿಮಾನ ಹತ್ತುತ್ತಾರೆ.

ಕರಾರು, ಮತ್ತು ಒಪ್ಪಿಸುವ ದಿನ

ಕರಾರು ಒಂದು ಪುಟ ಸಾಕು. ಕಟ್ಟಿಹಾಕುವುದಿಲ್ಲ, ಮರಿ ಹಾಕಿಸುವುದಿಲ್ಲ, ಲಸಿಕೆ ತಪ್ಪಿಸುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ, ಆಗದಿದ್ದರೆ ನಿಮಗೇ ವಾಪಸ್ – ಈ ಐದು ಮಾತಿರಲಿ, ಗುರುತಿನ ಚೀಟಿಯ ಪ್ರತಿ ಇರಲಿ. ಮರಿಯಾದರೆ ಆರು ತಿಂಗಳಿಗೆ ಆಪರೇಷನ್ ಎಂದು ದಿನಾಂಕ ಹಾಕಿಯೇ ಬರೆಯಿರಿ. ‘ದೊಡ್ಡದಾದ ಮೇಲೆ’ ಎಂದರೆ ಮೊದಲ ಬೆದೆ ಕಳೆದುಹೋಗುತ್ತದೆ. ನಾಯಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ, ಆದರೆ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಆ ಕಾನೂನನ್ನು ನೆಚ್ಚಿ ಕೂರಲಾಗದು, ನಿಮ್ಮ ಕರಾರು ಮತ್ತು ನಿಮ್ಮ ಫೋನ್ ಕರೆಯೇ ನಾಯಿಗೆ ಕಾವಲು.

ಓಡಿಹೋಗುವ ಅಪಾಯ ಅತಿ ಹೆಚ್ಚಿರುವುದು ಮೊದಲ ಎರಡು ದಿನ, ಅದೂ ಕಾರಿನಿಂದ ಇಳಿಸುವಾಗ ಮತ್ತು ಲಿಫ್ಟಿನ ಬಾಗಿಲಲ್ಲಿ. ಹಾರ್ನೆಸ್‌ಗೆ ಒಂದು ಹಗ್ಗ, ಕೊರಳಪಟ್ಟಿಗೆ ಇನ್ನೊಂದು, ಎರಡನ್ನೂ ಒಬ್ಬರೇ ಹಿಡಿಯಲಿ. ಒಂದು ಜಾರಿದರೆ ಇನ್ನೊಂದಿರುತ್ತದೆ. ಪಟ್ಟಿಯ ಒಳಗೆ ಎರಡು ಬೆರಳು ಹೋಗಬೇಕು, ಮೂರು ಹೋದರೆ ಸಡಿಲ. ಫೋನ್ ನಂಬರಿನ ಬಿಲ್ಲೆ ಅಂದೇ ಇರಲಿ. ಆ ದಿನ ಸ್ನಾನ ಬೇಡ, ನೆಂಟರನ್ನು ಕರೆಯುವುದು ಬೇಡ. ಮೊದಲೇ ನಾಯಿ ಇರುವ ಮನೆಯಾದರೆ ಎರಡನ್ನೂ ಬೀದಿಯಲ್ಲಿ ಹತ್ತು ನಿಮಿಷ ಸಮಾನಾಂತರವಾಗಿ ನಡೆಸಿ, ಆಮೇಲೆ ಒಟ್ಟಿಗೆ ಒಳಗೆ ಕರೆತನ್ನಿ, ಊಟದ ತಟ್ಟೆಗಳು ಬೇರೆ ಕೋಣೆಗಳಲ್ಲಿರಲಿ.

ಎರಡು ದಿನ ಊಟ ಮುಟ್ಟಲಿಲ್ಲ ಎಂದು ಕರೆ ಬಂದೇ ಬರುತ್ತದೆ. ನೀರು ಕುಡಿಯುತ್ತಿದ್ದು, ವಾಂತಿ-ಭೇದಿ ಇಲ್ಲದಿದ್ದರೆ ಬೆಳೆದ ನಾಯಿಗೆ ಒಂದೆರಡು ದಿನ ಇದು ಸಹಜ. ಎರಡು ಮೂರು ತಿಂಗಳ ಸಣ್ಣ ಮರಿ ಅರ್ಧ ದಿನ ಊಟ ಬಿಟ್ಟರೂ ವೆಟ್ ಬಳಿಗೆ ಓಡಬೇಕು, ರಕ್ತದ ಸಕ್ಕರೆ ಇಳಿದು ಬಿದ್ದುಬಿಡುತ್ತದೆ. ಮೊದಲ ದಿನ, ಮೂರನೇ ದಿನ, ವಾರಕ್ಕೆ, ಮೂರನೇ ವಾರಕ್ಕೆ, ತಿಂಗಳಿಗೆ, ಮೂರು ತಿಂಗಳಿಗೆ ಕರೆ ಮಾಡಿ. ಮೂರನೇ ವಾರದ ಕರೆ ಇನ್ನೂ ಮುಖ್ಯ. ನಾಯಿ ಧೈರ್ಯ ತಂದುಕೊಂಡು ಸೋಫಾ ಹರಿಯುವುದು, ಗುರುಗುಟ್ಟುವುದು ಆಗಲೇ, ವಾಪಸ್ ಕೊಡುವ ಯೋಚನೆ ಬರುವುದೂ ಆಗಲೇ. ಆ ಹೊತ್ತಿಗೆ ಬೈಯದೆ ಮಾತಾಡಿದರೆ ಹಲವು ಮನೆಗಳು ಉಳಿಯುತ್ತವೆ. ಉಳಿಯದಿದ್ದರೆ ನಾಯಿಯನ್ನು ಹೋಗಿ ಕರೆತನ್ನಿ. ವಾಪಸ್ ಕೊಟ್ಟವರನ್ನು ಫೋಟೋ ಹಾಕಿ ಹೀಯಾಳಿಸುವ ಗುಂಪುಗಳಿಂದ ದೊಡ್ಡ ಹಾನಿಯಾಗಿದೆ. ಅದನ್ನು ನೋಡಿದ ಮುಂದಿನವರು ವಾಪಸ್ ಕೊಡಲು ಹೆದರಿ ರಿಂಗ್ ರೋಡಿನಲ್ಲಿ ಬಿಟ್ಟುಹೋಗುತ್ತಾರೆ.

ಒಪ್ಪಿಸುವಾಗ ಚೀಲದಲ್ಲಿ ಏಳು ದಿನಕ್ಕಾಗುವಷ್ಟು ಹಳೆಯ ಆಹಾರ ಕೊಡಿ, ಹೊಸದನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಬೆರೆಸಲಿ. ಲಸಿಕೆ ಪುಸ್ತಕ, ರಕ್ತ ಪರೀಕ್ಷೆಯ ಕಾಗದ, ಮುಂದಿನ ರೇಬೀಸ್ ಚುಚ್ಚುಮದ್ದಿನ ತಾರೀಖು ಬರೆದ ಚೀಟಿ ಇರಲಿ. ಇಷ್ಟು ದಿನ ಅದು ಮಲಗಿದ್ದ ಹಳೆಯ ಸೀರೆಯನ್ನೋ ಚಾದರವನ್ನೋ ಒಗೆಯದೆ ಹಾಗೇ ಮಡಚಿ ಕಳಿಸಿ. ಮೊದಲ ರಾತ್ರಿ ಹೊಸ ಮನೆಯಲ್ಲಿ ಅದಕ್ಕೆ ಪರಿಚಯದ ವಾಸನೆ ಎಂದರೆ ಅದೊಂದೇ.